ರವದಿ ಸುಡದ ಹೊಲ, ಹೊಲಕ್ಕೆ ಬರುವ ವಿಶ್ವವಿದ್ಯಾಲಯ

ಕಬ್ಬು ಕಟಾವಾಗಿ ಟ್ರ್ಯಾಕ್ಟರ್ ಕಾರ್ಖಾನೆಯ ಹಾದಿ ಹಿಡಿದ ಮೇಲೆ ರನ್ನ ಬೆಳಗಲಿ ಸುತ್ತಿನ ಹೊಲಗಳಲ್ಲಿ ಉಳಿಯುವುದು ರವದಿ, ಅಂದರೆ ಕಬ್ಬಿನ ಒಣ ಎಲೆ. ಎಕರೆಗೆ ಮೂರರಿಂದ ನಾಲ್ಕು ಟನ್. ಬದುವಿನ ಮೂಲೆಯಲ್ಲಿ ಒಂದು ಕಡ್ಡಿ ಗೀರಿದರೆ ಸಾಕು, ನೋಡನೋಡುತ್ತಲೇ ಹೊಲವೆಲ್ಲ ಕರಿ. ಮುಧೋಳ, ಜಮಖಂಡಿ ಕಡೆ ಹಂಗಾಮಿನಲ್ಲಿ ಓಡಾಡಿದವರಿಗೆ ಈ ಹೊಗೆ ಹೊಸದಲ್ಲ.

ಇಂಗಾಲ ತಗ್ಗಿಸುವುದರಲ್ಲಿ ವಿಶ್ವವಿದ್ಯಾಲಯಗಳ ಪಾತ್ರ ಎಂದೊಡನೆ ಹಾಸ್ಟೆಲ್ ಮಾಳಿಗೆಯ ಸೋಲಾರ್ ಫಲಕ ನೆನಪಾಗುತ್ತದೆ. ಅದೂ ಬೇಕು. ಒಂದು ಕಿಲೋವ್ಯಾಟ್ ಫಲಕ ನಮ್ಮ ಬಿಸಿಲಿಗೆ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ. ಗ್ರಿಡ್ ವಿದ್ಯುತ್ತಿನ ಪ್ರತಿ ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ವರ್ಷಕ್ಕೆ ಒಂದು ಟನ್ನಿನಷ್ಟು ಉಳಿತಾಯ. ಆದರೆ ಕಬ್ಬಿನ ನಾಡಿನಲ್ಲಿ ವಿಶ್ವವಿದ್ಯಾಲಯದ ದೊಡ್ಡ ಕೆಲಸ ಇರುವುದು ಕಾಂಪೌಂಡಿನ ಆಚೆ, ರೈತರ ಹೊಲದಲ್ಲಿ.

ಲೆಕ್ಕ ನೋಡೋಣ. ರವದಿ ಸುಟ್ಟಾಗ ಏಳುವ ಇಂಗಾಲದ ಡೈಆಕ್ಸೈಡನ್ನು ಮುಂದಿನ ಬೆಳೆ ಮತ್ತೆ ಹೀರಿಕೊಳ್ಳುತ್ತದೆ, ಹಾಗಾಗಿ ತಜ್ಞರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರ ಜೊತೆಗೇ ಬರುವ ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಮಾತ್ರ ಉಳಿಯುತ್ತವೆ. ಒಂದು ಟನ್ ರವದಿಗೆ ಇವೆರಡೂ ಸೇರಿ 90–100 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಅದಕ್ಕಿಂತ ನನಗೆ ಹೆಚ್ಚು ಹೊಟ್ಟೆ ಉರಿಸುವುದು ಸಾರಜನಕದ ನಷ್ಟ. ನಾಲ್ಕು ಟನ್ ರವದಿಯಲ್ಲಿ ಹೆಚ್ಚುಕಡಿಮೆ ಒಂದು ಚೀಲ ಯೂರಿಯಾದಷ್ಟು ಸಾರಜನಕವಿದೆ. ಅದರ ಬಹುಪಾಲು ಹೊಗೆಯಲ್ಲಿ ಹೋಗುತ್ತದೆ, ರೈತ ಮತ್ತೆ ಚೀಲ ಕೊಳ್ಳುತ್ತಾನೆ. ಆ 45 ಕಿಲೋ ಚೀಲ ಮಣ್ಣಿಗೆ ಬಿದ್ದ ಮೇಲೆ ಹೊರಡುವ ನೈಟ್ರಸ್ ಆಕ್ಸೈಡ್ ಮತ್ತೆ ಸುಮಾರು 90 ಕಿಲೋಗೆ ಸಮ. ಕಾರ್ಖಾನೆಯಲ್ಲಿ ಅದನ್ನು ತಯಾರಿಸಲು ಉರಿದ ಅನಿಲ ಬೇರೆ.

ಹಾಗಾದರೆ ರೈತರು ಸುಡುವುದೇಕೆ? ಕಾರಣ ಇಲ್ಲದೆ ಅಲ್ಲ. ಆಳು ಸಿಗುವುದಿಲ್ಲ, ನೀರು ಹಾಯಿಸಲು ರವದಿ ಅಡ್ಡ, ಇಲಿ–ಹಾವಿನ ಭಯ, ಕುಳೆ ಸರಿಯಾಗಿ ಚಿಗುರುವುದಿಲ್ಲ ಎಂಬ ಅನುಮಾನ. ರವದಿ ಬಿಟ್ಟ ಹೊಲ ಮೊದಲು ಹಳದಿಗೆ ತಿರುಗುವುದೂ ನಿಜ: ರವದಿಯಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ, ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಇದಕ್ಕೆ ಪರಿಹಾರವಿದೆ. ಯಂತ್ರದಿಂದ ರವದಿ ಪುಡಿ ಮಾಡಿ, ಸಾಲು ಬಿಟ್ಟು ಸಾಲಿಗೆ ಹರಡಿ, ಅದರ ಮೇಲೆ ಸ್ವಲ್ಪ ಯೂರಿಯಾ, ಸೂಪರ್ ಫಾಸ್ಫೇಟ್ ಮತ್ತು ಕೊಳೆಸುವ ಜೀವಾಣು ಗೊಬ್ಬರ ಚೆಲ್ಲಿ ನೀರು ಕೊಡಬೇಕು. ಖಾಲಿ ಸಾಲಿನಲ್ಲಿ ನೀರು ಸರಾಗ ಹರಿಯುತ್ತದೆ, ಹೊದಿಕೆಯಡಿ ತೇವ ನಿಲ್ಲುತ್ತದೆ, ಪಂಪ್‌ಸೆಟ್ ಓಡುವ ತಾಸು ಕಡಿಮೆಯಾಗುತ್ತದೆ.

ಎಷ್ಟು ಚೆಲ್ಲಬೇಕು, ನಮ್ಮ ಎರೆ ಮಣ್ಣಿಗೆ ಯಾವುದು ಹೊಂದುತ್ತದೆ ಎಂಬುದು ಊಹೆಯ ಮಾತಲ್ಲ. ಸುಟ್ಟ ತುಂಡು, ಸುಡದ ತುಂಡು ಎಂದು ಒಂದೇ ಹೊಲವನ್ನು ಭಾಗ ಮಾಡಿ, ವರ್ಷಗಟ್ಟಲೆ ಮಣ್ಣಿನ ಇಂಗಾಲ ಅಳೆಯಬೇಕು. ಮಣ್ಣಿನ ಮೇಲೆ ಡಬ್ಬಿ ಬೋರಲು ಹಾಕಿ, ಒಳಗೆ ಸೇರಿದ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು ಪ್ರಯೋಗಾಲಯಕ್ಕೆ ಒಯ್ಯುತ್ತಾರೆ. ನೈಟ್ರಸ್ ಆಕ್ಸೈಡ್ ಸಿಕ್ಕಿಬೀಳುವುದು ಹೀಗೆ. ಈ ಅಳತೆ ವಿಶ್ವವಿದ್ಯಾಲಯ ಮಾಡಬೇಕಾದ ಕೆಲಸ. 1986ರಲ್ಲಿ ಆರಂಭವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸಂಕೇಶ್ವರದಲ್ಲಿ ಸಂಶೋಧನಾ ಕೇಂದ್ರವಿದೆ. ಜಮಖಂಡಿಯಲ್ಲಿ ಈಗ ಬಾಗಲಕೋಟೆ ವಿಶ್ವವಿದ್ಯಾಲಯವೂ ಇದೆ; ಅಲ್ಲಿ ರಸಾಯನಶಾಸ್ತ್ರ ಓದುವ ಹುಡುಗ ಹುಡುಗಿಯರು ಯೋಜನಾ ವರದಿಗೆ ತಮ್ಮ ಮನೆಯ ಹೊಲವನ್ನೇ ಆರಿಸಿಕೊಳ್ಳಬಹುದು.

ಪ್ರಯೋಗಾಲಯ ಬಿಟ್ಟು ಹಳ್ಳಿಗೆ ಹೋಗುವುದು ಕರ್ನಾಟಕಕ್ಕೆ ಹೊಸ ಹಾದಿಯಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರು ಅಸ್ತ್ರ ಎಂಬ ಘಟಕ ಕಟ್ಟಿದರು. ವಿಜ್ಞಾನಿಗಳು ತುಮಕೂರು ಜಿಲ್ಲೆಯ ಉಂಗ್ರದಂಥ ಹಳ್ಳಿಗೆ ಹೋಗಿ ಸೌದೆಯ ಖರ್ಚು ಅಳೆದರು. ಕಡಿಮೆ ಸೌದೆಯಲ್ಲಿ, ಕಡಿಮೆ ಹೊಗೆಯಲ್ಲಿ ಉರಿಯುವ ಅಸ್ತ್ರ ಒಲೆ ಹುಟ್ಟಿದ್ದು ಆ ಕೆಲಸದಿಂದ.

ಈ ಸಲ ಕಟಾವು ಮುಗಿದ ಮೇಲೆ ಅರ್ಧ ಎಕರೆಯನ್ನಾದರೂ ಸುಡದೆ ಬಿಡಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರನ್ನು ಕರೆದು ಆ ತುಂಡು ತೋರಿಸಿ, ಮಣ್ಣು ಪರೀಕ್ಷೆ ಮಾಡಿಸಿ, ಬರುವ ವರ್ಷವೂ ಅದೇ ಜಾಗದ ಮಣ್ಣು ಕೊಡಿ.