ಪುಕ್ಕಟೆ ಕಂಪ್ಯೂಟರ್ ನೆರವು ಬೇಕೆ? ಮೊದಲು ಕೆಲಸದ ಹೆಸರು ಹೇಳಿ

ಮೇ ತಿಂಗಳು ಬಂತೆಂದರೆ ಸಣ್ಣ ಟ್ರಸ್ಟುಗಳ ಕಾರ್ಯದರ್ಶಿಗಳಿಗೆ ತಲೆನೋವು ಶುರು. 80ಜಿ ರಿಯಾಯಿತಿ ಕೊಡುವ ಸಂಸ್ಥೆ, ಹಿಂದಿನ ಆರ್ಥಿಕ ವರ್ಷದಲ್ಲಿ ಯಾರು ಎಷ್ಟು ದಾನ ಕೊಟ್ಟರೆಂಬ ಪಟ್ಟಿಯನ್ನು ಮೇ 31ರೊಳಗೆ ಆದಾಯ ತೆರಿಗೆ ಪೋರ್ಟಲ್ಲಿಗೆ ಏರಿಸಬೇಕು. 2021-22ರ ದಾನಗಳಿಂದ ಜಾರಿಗೆ ಬಂದ ಕಟ್ಟಳೆ ಇದು. ತಡವಾದರೆ ದಿನಕ್ಕೆ 200 ರೂಪಾಯಿ ದಂಡ. ಕೃಷ್ಣರಾಜನಗರದಲ್ಲೋ ಪಿರಿಯಾಪಟ್ಟಣದಲ್ಲೋ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಂಡು, ನಾಲ್ಕು ಜನ ವೃದ್ಧರಿಗೆ ಊಟ ಹಾಕಿಕೊಂಡು ನಡೆಯುವ ಸಂಸ್ಥೆಯ ಸ್ಥಿತಿ ಊಹಿಸಿಕೊಳ್ಳಿ. ದಾನದ ಲೆಕ್ಕ ಇರುವುದು ಕಾರ್ಬನ್ ಹಾಳೆಯ ರಸೀದಿ ಪುಸ್ತಕದಲ್ಲಿ. ದಾನಿಗಳ ಪ್ಯಾನ್ ನಂಬರು ಯಾರದೋ ವಾಟ್ಸಾಪ್‌ನಲ್ಲಿ. ಡಿಜಿಟಲ್ ಸಹಿಯ ಡಾಂಗಲ್ ಆಡಿಟರ ಡ್ರಾಯರಿನಲ್ಲಿ. ಪೋರ್ಟಲ್ಲಿನ ಒಟಿಪಿ ಹೋಗುವುದು ಕೆಲಸ ಬಿಟ್ಟು ಬೆಂಗಳೂರು ಸೇರಿದ ಹುಡುಗನ ಮೊಬೈಲಿಗೆ.

ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಯಾರಾದರೂ ಐಟಿಯವರು ಪರಿಚಯ ಇದ್ದಾರಾ?

ಇದ್ದಾರೆ. ಕೃಷ್ಣರಾಜನಗರದಿಂದ ಮೈಸೂರಿಗೆ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ಅಲ್ಲಿ ಸಾಫ್ಟ್‌ವೇರ್ ಕಂಪನಿಗಳೂ ಇವೆ, ಎಂಜಿನಿಯರಿಂಗ್ ಕಾಲೇಜುಗಳೂ ಇವೆ. ಮೈಸೂರು ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ಮಗನೋ ಮಗಳೋ ಐಟಿಯಲ್ಲಿರುವ ಮನೆಗಳಿಗೆ ಬರವಿಲ್ಲ. ನೆರವು ಕೊಡುವವರು ಸಿಗುವುದು ಕಷ್ಟವಲ್ಲ. ಸಿಕ್ಕವರಿಂದ ಏನು ಮಾಡಿಸಿಕೊಳ್ಳಬೇಕು, ಅವರು ಹೋದ ಮೇಲೆ ನಮ್ಮ ಕೈಯಲ್ಲಿ ಏನು ಉಳಿಯಬೇಕು ಎಂಬುದನ್ನು ತೀರ್ಮಾನಿಸಿಕೊಳ್ಳುವುದೇ ಕಷ್ಟ. ಹೆಚ್ಚಿನ ಸಂಸ್ಥೆಗಳು ಎಡವುವುದು ಇಲ್ಲೇ.

‘ನಮ್ಮ ಸಂಸ್ಥೆಗೆ ಐಟಿ ಸಹಾಯ ಬೇಕಾಗಿದೆ, ದಯವಿಟ್ಟು ಸಹಕರಿಸಿ’ ಎಂಬ ಸಂದೇಶಕ್ಕೆ ಉತ್ತರವಾಗಿ ಹತ್ತು ಕೈಮುಗಿಯುವ ಚಿತ್ರ ಬರುತ್ತದೆ, ಮನುಷ್ಯ ಬರುವುದಿಲ್ಲ. ಓದಿದವನಿಗೆ ಅದು ಒಂದು ಗಂಟೆಯ ಕೆಲಸವೋ ಒಂದು ವರ್ಷದ್ದೋ ಗೊತ್ತಾಗುವುದಿಲ್ಲ. ಅದನ್ನೇ ಹೀಗೆ ಬರೆದು ನೋಡಿ: ‘ನಮ್ಮಲ್ಲಿ ಮೂರು ವರ್ಷದ ಸುಮಾರು 400 ರಸೀದಿಗಳಿವೆ. ಅವನ್ನು ಒಂದು ಗೂಗಲ್ ಶೀಟಿಗೆ ಹಾಕುವ ನಮೂನೆ ಮಾಡಿಕೊಟ್ಟು, ತುಂಬುವುದನ್ನು ನಮ್ಮ ಲೆಕ್ಕದ ಮೇಡಂಗೆ ಕಲಿಸಬೇಕು. ಮೇಡಂಗೆ ವಾಟ್ಸಾಪ್ ಬರುತ್ತದೆ, ಎಕ್ಸೆಲ್ ಬರುವುದಿಲ್ಲ. ಎರಡು ಶನಿವಾರ ಸಾಕು. ಬಸ್ ಚಾರ್ಜು, ಮಧ್ಯಾಹ್ನದ ಊಟ ನಮ್ಮದು.’ ಇದಕ್ಕೆ ಜನ ಒಪ್ಪುತ್ತಾರೆ. ಕೆಲಸಕ್ಕೆ ಹೆಸರಿದೆ, ಅಳತೆಯಿದೆ, ಮುಗಿಯುವ ದಿನವಿದೆ, ಕಲಿಯುವವರು ಯಾರೆಂದೂ ಗೊತ್ತಿದೆ. ಊಟದ ಮಾತು ಸಣ್ಣದೆಂದು ಬಿಡಬೇಡಿ. ಪುಕ್ಕಟೆ ಕೆಲಸ ಮಾಡುವವರು ತಮ್ಮ ಖರ್ಚಿನಲ್ಲೇ ಬರಲಿ ಎಂದು ಕಾಯುವ ಸಂಸ್ಥೆಗೆ ಎರಡನೇ ಸಲ ಯಾರೂ ಬರುವುದಿಲ್ಲ.

ಸ್ವಯಂಸೇವಕ ಬಂದು ಮೊದಲು ಹೇಳುವುದು ಸಾಮಾನ್ಯವಾಗಿ ‘ನಿಮಗೊಂದು ಆ್ಯಪ್ ಮಾಡಿಕೊಡ್ತೀನಿ’ ಎಂದು. ಬೇಡ ಎನ್ನಿ. ಆ್ಯಪ್ ಬರೆಯುವುದು ಅವನಿಗೆ ಹುರುಪು, ಮುಂದೆ ಅದನ್ನು ಸಾಕುವುದು ನಿಮಗೆ ಹೊರೆ. ನಾಲ್ಕು ಜನರ ಸಂಸ್ಥೆಗೆ ಹಾಳೆಯಂಥ ಶೀಟು, ಇಮೇಲು, ಫೈಲಿಡಲು ಒಂದು ಜಾಗ, ಇಷ್ಟಿದ್ದರೆ ಧಾರಾಳವಾಯಿತು. ಅವೂ ಪುಕ್ಕಟೆ ಸಿಗುತ್ತವೆ. ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗಾಗಿ ಗೂಗಲ್, ಮೈಕ್ರೋಸಾಫ್ಟ್ ಎರಡರಲ್ಲೂ ಪ್ರತ್ಯೇಕ ಯೋಜನೆಗಳಿವೆ. ಟ್ರಸ್ಟ್ ಡೀಡ್ ಅಥವಾ ಸೊಸೈಟಿ ನೋಂದಣಿ ಪತ್ರ, ಪ್ಯಾನ್, 12ಎ ಆದೇಶ ಇವನ್ನು ಸ್ಕ್ಯಾನ್ ಮಾಡಿ ಇಟ್ಟುಕೊಂಡಿದ್ದರೆ ಅರ್ಜಿ ಸಲೀಸು. ಒಂದು ಎಚ್ಚರಿಕೆ: ಗೂಗಲ್‌ನ ಈ ಯೋಜನೆ ಸರ್ಕಾರಿ ಸಂಸ್ಥೆಗಳಿಗೆ, ಆಸ್ಪತ್ರೆಗಳಿಗೆ, ಶಾಲೆಗಳಿಗೆ ಅನ್ವಯಿಸುವುದಿಲ್ಲ, ಶಾಲೆಗಳಿಗೆ ಅವರದೇ ಬೇರೆ ಯೋಜನೆಯಿದೆ. ದಾನವಾಗಿ ಅಥವಾ ರಿಯಾಯಿತಿಯಲ್ಲಿ ಸಾಫ್ಟ್‌ವೇರ್ ಕೊಡಿಸುವ ಟೆಕ್‌ಸೂಪ್ ಭಾರತದಲ್ಲೂ ಇದೆ. 1987ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದು ಶುರುವಾದದ್ದು ಕಂಪ್ಯೂಮೆಂಟರ್ ಎಂಬ ಹೆಸರಿನಲ್ಲಿ. ಕಂಪ್ಯೂಟರ್ ಬಲ್ಲವರನ್ನು ಸೇವಾ ಸಂಸ್ಥೆಗಳಿಗೆ ಜೋಡಿಸುವುದೇ ಆಗ ಅದರ ಕೆಲಸ.

ಜನರನ್ನು ಎಲ್ಲಿ ಹುಡುಕುವುದು? ಹತ್ತಿರದಿಂದಲೇ ಶುರುಮಾಡೋಣ. ವಿಟಿಯು ವ್ಯಾಪ್ತಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪದವಿ ಮುಗಿಸುವುದರೊಳಗೆ ಸಮಾಜಮುಖಿ ಕೆಲಸಗಳಿಂದ 100 ಚಟುವಟಿಕೆ ಅಂಕ ಗಳಿಸಬೇಕು. ನಿಮಗೆ ಕೆಲಸ ಆಗಬೇಕು, ಅವರಿಗೆ ಅಂಕ ಬೇಕು. ಎನ್ನೆಸ್ಸೆಸ್ ಅಧಿಕಾರಿಯ ಹತ್ತಿರವೋ ವಿಭಾಗದ ಮುಖ್ಯಸ್ಥರ ಹತ್ತಿರವೋ ಒಂದು ಪತ್ರ ತೆಗೆದುಕೊಂಡು ಹೋದರೆ ಮಾತು ಬೇಗ ಮುಂದುವರಿಯುತ್ತದೆ. ಎನ್ನೆಸ್ಸೆಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆಯ ಲೆಕ್ಕವೇ ಇದೆ. ಅದೆಲ್ಲ ಬರೀ ಗಿಡ ನೆಡುವುದರಲ್ಲಿ, ರಸ್ತೆ ಗುಡಿಸುವುದರಲ್ಲಿ ಕಳೆಯಬೇಕೆಂದೇನೂ ಇಲ್ಲ. ಆದರೆ ಪರೀಕ್ಷೆ ಬಂದಾಗ ವಿದ್ಯಾರ್ಥಿಗಳು ಮಾಯ. ಅವರಿಗೆ ಕೊಡಬೇಕಾದದ್ದು ರಸೀದಿ ಏರಿಸುವುದು, ಫೋಟೊ ಜೋಡಿಸಿಡುವುದು, ಹಳೆ ಯಂತ್ರ ಸರಿಮಾಡುವುದು ಇಂಥವು. ಮೇ 31ರ ಗಡುವನ್ನು ಅವರ ಹೆಗಲಿಗೆ ಹಾಕಬಾರದು.

ಹಳೆ ಯಂತ್ರದ ಮಾತು ಬಂತು. ಕಂಪನಿಗಳು ಕಂಪ್ಯೂಟರ್ ಬದಲಿಸಿದಾಗ ಹಳೆಯದನ್ನು ದಾನ ಕೊಡುತ್ತವೆ. ಅವುಗಳಲ್ಲಿ ಹೆಚ್ಚಿನವು ವಿಂಡೋಸ್ 10ರವು, ಅದಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಿಡಿಸದ ಯಂತ್ರಕ್ಕೆ ಉಬುಂಟುವೋ ಲಿನಕ್ಸ್ ಮಿಂಟೋ ಹಾಕಿಸಿದರೆ ಇನ್ನೂ ಕೆಲವು ವರ್ಷ ಓಡುತ್ತದೆ. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದಂಥ ಬಳಗಗಳಲ್ಲಿ ಇಂಥ ಕೆಲಸವನ್ನು ಖುಷಿಯಿಂದ ಮಾಡುವವರಿದ್ದಾರೆ.

ಅನುಭವಸ್ಥರು ಬೇಕೆಂದರೆ ಕಂಪನಿಯ ಬಾಗಿಲು ತಟ್ಟಬೇಕು. ಇಲ್ಲಿ ಒಂದು ಗೊಂದಲವಿದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಆ ಹಣ ಪಡೆಯಲು ನಿಮ್ಮ ಸಂಸ್ಥೆ ಸಿಎಸ್ಆರ್-1 ನಮೂನೆಯಲ್ಲಿ ನೋಂದಾಯಿಸಿಕೊಂಡಿರಬೇಕು. ನೌಕರರು ಬಂದು ದುಡಿಯುವ ಸಮಯದ ದಾರಿ ಬೇರೆ. ಆ ಸಮಯಕ್ಕೆ ಬೆಲೆ ಕಟ್ಟಿ ಶೇ 2ರ ಲೆಕ್ಕದಲ್ಲಿ ತೋರಿಸಲು ಕಂಪನಿಗೆ ಅವಕಾಶವಿಲ್ಲ. ಆದ್ದರಿಂದ ಎರಡಕ್ಕೂ ಒಂದೇ ಪತ್ರ ಬರೆಯಬೇಡಿ. ಟಾಟಾ ಸಮೂಹದ ಪ್ರೊಎಂಗೇಜ್ ಯೋಜನೆ 2014ರಿಂದ ಇದೆ: ನೌಕರರು ವಾರಾಂತ್ಯಗಳಲ್ಲಿ, ಒಂದರಿಂದ ಆರು ತಿಂಗಳು, ಒಂದು ಸೇವಾ ಸಂಸ್ಥೆಯ ನಿರ್ದಿಷ್ಟ ಕೆಲಸಕ್ಕೆ ತಮ್ಮ ವೃತ್ತಿಜ್ಞಾನ ಕೊಡುತ್ತಾರೆ. ಅಲ್ಲಿಯೂ ಅರ್ಜಿಯಲ್ಲಿ ಕೇಳುವುದು ಮೇಲೆ ಹೇಳಿದ್ದನ್ನೇ: ಕೆಲಸ ಏನು, ಎಷ್ಟು ದಿನ, ನಿಮ್ಮ ಕಡೆಯಿಂದ ಜವಾಬ್ದಾರಿ ಯಾರದು.

ಸ್ವಯಂಸೇವೆಗೂ ಸಂಬಳದ ಕೆಲಸಕ್ಕೂ ನಡುವಿನ ದಾರಿಯೊಂದನ್ನು ಕರ್ನಾಟಕ ಮೊದಲೇ ಕಂಡಿದೆ. ಸುನಿಲ್ ಅಬ್ರಹಾಂ 1998ರಲ್ಲಿ ಬೆಂಗಳೂರಿನಲ್ಲಿ ‘ಮಾಹಿತಿ’ ಶುರುಮಾಡಿದ್ದು, ಮುಕ್ತ ತಂತ್ರಾಂಶ ಬಳಸಿ ಸ್ವಯಂಸೇವಾ ವಲಯಕ್ಕೆ ತಂತ್ರಜ್ಞಾನದ ಖರ್ಚು ಇಳಿಸುವುದಕ್ಕೆ. 2002ರಲ್ಲಿ ಹುಟ್ಟಿದ ‘ಜನಸ್ತು’ ಸಣ್ಣ ಸಂಸ್ಥೆಗಳಿಗೆ ತಾಂತ್ರಿಕ ಬೆಂಬಲ ಕೊಡುತ್ತ, ಮುಂದೆ ತುಮಕೂರು ಜಿಲ್ಲೆಯ ದೇವರಾಯನದುರ್ಗದಲ್ಲಿ ಊರವರದೇ ವೈಫೈ ಜಾಲ ಕಟ್ಟುವವರೆಗೆ ಹೋಯಿತು.

ನಮ್ಮ ಸೀಮೆಗೆ ಇನ್ನೂ ಹತ್ತಿರದ ಉದಾಹರಣೆ ಹುಣಸೂರಿನದು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಮಹಿಳಾ ಸಮಖ್ಯಾ ಸಂಘಗಳ ಜೊತೆ ಮೈಸೂರು ಜಿಲ್ಲೆಯಲ್ಲಿ ಕೆಲಸ ಮಾಡಿದಾಗ ‘ಕೇಳು ಸಖಿ’ ಎಂಬ ರೇಡಿಯೊ ಕಾರ್ಯಕ್ರಮ ನಡೆಸಿತು. ಹುಣಸೂರು ತಾಲ್ಲೂಕಿನ ಹಳ್ಳಿಗಳಲ್ಲಿ ‘ನಮ್ಮ ಮಾಹಿತಿ ಕೇಂದ್ರ’ಗಳನ್ನು ತೆರೆಯಿತು. ಅವರು ಸಂಬಳದ ಸಿಬ್ಬಂದಿ, ಸ್ವಯಂಸೇವಕರಲ್ಲ. ಆದರೂ ಅವರ ಕ್ರಮ ಗಮನಿಸುವಂಥದ್ದು. ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದವಳು ಅದೇ ಊರಿನ ಯುವತಿ, ಅವಳನ್ನು ಸಖಿ ಎನ್ನುತ್ತಿದ್ದರು. ಪಿಂಚಣಿ ಅರ್ಜಿ ಎಲ್ಲಿ ನಿಂತಿದೆ, ಯಾವ ಯೋಜನೆಗೆ ಯಾವ ಕಾಗದ ಬೇಕು ಎಂಬುದನ್ನು ಊರವರಿಗೆ ಹೇಳುತ್ತಿದ್ದವಳು ಅವಳು. ಹೊರಗಿನ ತಜ್ಞ ಬಂದು ಕಲಿಸಿ ಹೋದರೂ ಕೀಲಿಮಣೆ ಊರಿನವಳ ಕೈಯಲ್ಲೇ ಉಳಿಯಿತು. ಸ್ವಯಂಸೇವಕನನ್ನು ಕರೆಯುವ ಸಂಸ್ಥೆ ಮೊದಲು ತನ್ನಲ್ಲಿರುವ ಸಖಿ ಯಾರೆಂದು ಗುರುತಿಸಿಕೊಳ್ಳಬೇಕು. ಅಂಥವರೊಬ್ಬರು ಇಲ್ಲದಿದ್ದರೆ ನೆರವು ಕೇಳುವುದನ್ನೇ ಮುಂದೂಡುವುದು ಲೇಸು.

ಊರಿನವರೇ ಕೂತು ನೋಡಬೇಕಾದ ಕೆಲಸಕ್ಕೆ ನುಡಿ ತಂತ್ರಾಂಶದ ಹಳೆ ಫೈಲುಗಳಷ್ಟು ಒಳ್ಳೆಯ ಉದಾಹರಣೆ ಇಲ್ಲ. ಹಳೆಯ ಸಂಸ್ಥೆಗಳ ನಡಾವಳಿ, ಫಲಾನುಭವಿಗಳ ಪಟ್ಟಿ, ಇಲಾಖೆಗೆ ಬರೆದ ಪತ್ರ ಎಲ್ಲವೂ ನುಡಿ ಅಥವಾ ಬರಹ ತಂತ್ರಾಂಶದ ಹಳೆ ಅಕ್ಷರಗಳಲ್ಲಿ ಕೂತಿವೆ. ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಬರಹವನ್ನು ಹೊರತಂದಾಗ ಕನ್ನಡ ಯೂನಿಕೋಡ್ ಬಳಕೆಗೆ ಬಂದಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸಬೇಕಿತ್ತು. ಹೀಗಾಗಿ ಅಂಥ ಫೈಲನ್ನು ಆ ಫಾಂಟಿಲ್ಲದ ಮೊಬೈಲಿನಲ್ಲಿ ತೆರೆದರೆ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಹುಡುಕಲು ಬರುವುದಿಲ್ಲ, ಶೀಟಿಗೆ ಹಾಕಲು ಬರುವುದಿಲ್ಲ. ಇದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಸ್ವಯಂಸೇವಕರೇ ಬರೆದು ಮುಕ್ತವಾಗಿ ಬಿಟ್ಟಿದ್ದಾರೆ. ಯಾವ ವಿದ್ಯಾರ್ಥಿಯೂ ಒಂದು ಮಧ್ಯಾಹ್ನದಲ್ಲಿ ನೂರು ಫೈಲು ತಿರುಗಿಸಬಲ್ಲ. ಆದರೆ ಮೂಲದಲ್ಲಿ ಅಲ್ಲಲ್ಲಿ ಇಂಗ್ಲಿಷಿನಲ್ಲೇ ಇದ್ದ ಪದಗಳೂ ಕನ್ನಡದ ಹಾಗೆ ತಿರುಗಿ ಅರ್ಥವಿಲ್ಲದ ಅಕ್ಷರಗಳಾಗುತ್ತವೆ. ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ತಪ್ಪುತ್ತವೆ. ಅದನ್ನು ತಿದ್ದಲು ಬೇಕಾದದ್ದು ಐಟಿ ಜ್ಞಾನವಲ್ಲ; ಆ ಊರು, ಆ ಹೆಸರು ಗೊತ್ತಿರುವ ಹಳೆ ಗುಮಾಸ್ತರ ಕಣ್ಣು. ಇಬ್ಬರೂ ಒಟ್ಟಿಗೆ ಕೂತರೆ ಮಾತ್ರ ಕೆಲಸ ಮುಗಿಯುತ್ತದೆ.

ಹೆಗ್ಗಡದೇವನಕೋಟೆ, ಹುಣಸೂರು ಕಡೆಯ ಕಾಡಂಚಿನ ಹಾಡಿಗಳಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ತೊಡಕು: ಎಷ್ಟೋ ಕಡೆ ಸಿಗ್ನಲ್ ಸಿಗುವುದಿಲ್ಲ. 1984ರಲ್ಲಿ ಹುಟ್ಟಿ ಮುಂದೆ ಅಲ್ಲಿ ನೆಲೆಯೂರಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನಂಥ ದೊಡ್ಡ ಸಂಸ್ಥೆಯ ಬಲ ಎಲ್ಲರಿಗೂ ಇರುವುದಿಲ್ಲ. ಇಬ್ಬರು ಕಾರ್ಯಕರ್ತೆಯರ ಸಂಸ್ಥೆಗೂ ಕೈಗೆಟುಕುವ ಸಾಧನ ಕೋಬೊ ಟೂಲ್‌ಬಾಕ್ಸ್. ಪ್ರಶ್ನೆಗಳನ್ನು ಕನ್ನಡದಲ್ಲೇ ಹಾಕಿ, ನೆಟ್ ಇಲ್ಲದ ಕಡೆ ಮೊಬೈಲಿನಲ್ಲಿ ತುಂಬಿಕೊಂಡು, ಪೇಟೆಗೆ ಬಂದ ಮೇಲೆ ಕಳಿಸಬಹುದು. ಮೂಲದಲ್ಲಿ ಇದು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಒಡಿಕೆ ಎಂಬ ಮುಕ್ತ ತಂತ್ರಾಂಶದ ಮೇಲೆ ಕಟ್ಟಿದ್ದು.

ನಮೂನೆ ಮಾಡಿಕೊಡುವ ಸ್ವಯಂಸೇವಕನಿಗೆ ಹಾಡಿಯ ಸಂಗತಿ ನೀವೇ ಹೇಳಬೇಕು. ಬೆಂಗಳೂರಿನವನು ಒಬ್ಬರನ್ನು ಗುರುತಿಸಲು ಹೆಸರು, ಹುಟ್ಟಿದ ತಾರೀಕು ಸಾಕು ಎಂದುಕೊಳ್ಳುತ್ತಾನೆ. ಒಂದೇ ಹಾಡಿಯಲ್ಲಿ ಮೂವರು ಕಾಳ, ಇಬ್ಬರು ಪುಟ್ಟಮ್ಮ ಇದ್ದಾರು. ಹಿರಿಯರ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನ ಜನವರಿ 1 ಎಂದೇ ಇರುವುದು ಸಾಮಾನ್ಯ. ಆಗ ಮೂವರು ಕಾಳರೂ ಶೀಟಿನಲ್ಲಿ ಒಬ್ಬನೇ ಆಗಿ, ಇಬ್ಬರ ಔಷಧಿಯ ಲೆಕ್ಕ ಮಾಯವಾಗುತ್ತದೆ. ಮನೆಗೊಂದು, ವ್ಯಕ್ತಿಗೊಂದು ಸಂಖ್ಯೆ ಕೊಡಿಸಿ. ಇದು ಹೊಳೆಯಬೇಕಾದರೆ ಸ್ವಯಂಸೇವಕ ಒಂದು ದಿನವಾದರೂ ಕಾರ್ಯಕರ್ತೆಯ ಜೊತೆ ಹಾಡಿಗೆ ನಡೆದು ಬರಬೇಕು. ವಿಡಿಯೊ ಕಾಲ್‌ನಲ್ಲಿ ಇದು ಗೊತ್ತಾಗುವುದಿಲ್ಲ.

ಇನ್ನು ಬೀಗದ ಕೈ ವಿಚಾರ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಡೊಮೇನನ್ನು ತನ್ನ ಹೆಸರಿನಲ್ಲಿ, ತನ್ನ ಕಾರ್ಡಿನಲ್ಲಿ ಕೊಂಡಿರುತ್ತಾನೆ. ಅದರಲ್ಲಿ ದುರುದ್ದೇಶವೇನೂ ಇರುವುದಿಲ್ಲ, ಬೇಗ ಆಗಲಿ ಎಂದಷ್ಟೇ. ಆಮೇಲೆ ಅವನು ಕೆನಡಾಕ್ಕೆ ಹೋಗುತ್ತಾನೆ, ನವೀಕರಣದ ಇಮೇಲ್ ಅವನ ಹಳೆ ಖಾತೆಗೆ ಬರುತ್ತದೆ, ಒಂದು ದಿನ ಸಂಸ್ಥೆಯ ವಿಳಾಸದಲ್ಲಿ ಜೂಜಿನ ಜಾಹೀರಾತು ತೆರೆದುಕೊಳ್ಳುತ್ತದೆ. ಆದ್ದರಿಂದ ಡೊಮೇನ್, ಇಮೇಲ್, ಶೀಟು, ಯೂಟ್ಯೂಬ್ ಚಾನೆಲ್ ಎಲ್ಲವೂ ಸಂಸ್ಥೆಯ ಇಮೇಲಿನಲ್ಲೇ ತೆರೆದಿರಲಿ. ಒಟಿಪಿಗೆಂದು ಸಂಸ್ಥೆಯದೇ ಒಂದು ಸಿಮ್ ಇರಲಿ, ಅದು ಯಾರ ಸ್ವಂತ ಫೋನಿನಲ್ಲೂ ಇರದಿರಲಿ. ಸ್ವಯಂಸೇವಕನನ್ನು ಸಂಸ್ಥೆಯ ಖಾತೆಯೊಳಗೆ ಬಳಕೆದಾರನನ್ನಾಗಿ ಸೇರಿಸಿ, ಕೆಲಸ ಮುಗಿದ ದಿನ ತೆಗೆಯಿರಿ. ಇಬ್ಬರು ಟ್ರಸ್ಟಿಗಳಿಗೆ ಪೂರ್ತಿ ಅಧಿಕಾರ ಇರಲಿ. ಒಬ್ಬರಿಗೇ ಇದ್ದರೆ ಅವರು ಆಸ್ಪತ್ರೆ ಸೇರಿದ ವಾರವೇ ಗಡುವು ಬರುತ್ತದೆ. ಈ ವ್ಯವಸ್ಥೆಯನ್ನು ಟ್ರಸ್ಟಿನ ಸಭೆಯಲ್ಲಿ ಠರಾವು ಮಾಡಿ ನಡಾವಳಿ ಪುಸ್ತಕದಲ್ಲಿ ಬರೆದಿಡಿ.

ಮಕ್ಕಳ, ರೋಗಿಗಳ ವಿವರವನ್ನಂತೂ ಸ್ವಯಂಸೇವಕನ ಲ್ಯಾಪ್‌ಟಾಪಿಗೆ ಕಳಿಸಲೇಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ವಿವರ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕೆಂಬುದು ಅದರ ಸಾಮಾನ್ಯ ನಿಯಮ. ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ನಮೂನೆ ಮಾಡಲು, ಪರೀಕ್ಷಿಸಲು ಹತ್ತು ಸುಳ್ಳು ಹೆಸರು ಸಾಕು. ನಿಜವಾದ ಪಟ್ಟಿಯನ್ನು ನಿಮ್ಮವರೇ ತುಂಬಲಿ.

ಹೋಗುವ ಮುನ್ನ ಅವನಿಂದ ಕನ್ನಡದಲ್ಲಿ ಎರಡು ಪುಟ ಬರೆಸಿಕೊಳ್ಳಿ: ಯಾವುದು ಎಲ್ಲಿದೆ, ಯಾವ ತಿಂಗಳು ಏನನ್ನು ನವೀಕರಿಸಬೇಕು, ಎಷ್ಟು ದುಡ್ಡು, ಕೆಟ್ಟರೆ ಮೊದಲು ಏನು ನೋಡಬೇಕು. ಆ ಎರಡು ಪುಟ ಹಿಡಿದುಕೊಂಡು ನಿಮ್ಮ ಮೇಡಂ ಒಬ್ಬರೇ, ಅವನು ಸುಮ್ಮನೆ ಪಕ್ಕದಲ್ಲಿ ಕೂತಿರುವಾಗ, ಒಂದು ಸಲ ಪೂರ್ತಿ ಕೆಲಸ ಮಾಡಿ ತೋರಿಸಲಿ. ಎಲ್ಲಿ ಕೈ ನಿಂತಿತೋ ಅಲ್ಲಿ ಬರಹ ಸಾಲದೆಂದು ಅರ್ಥ; ಅಲ್ಲಿಗೆ ಇನ್ನೆರಡು ಸಾಲು ಸೇರಿಸಲಿ. ಕೆಲಸ ಮುಗಿಸಿದವನಿಗೆ ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಏನು ಮಾಡಿದ, ಎಷ್ಟು ಗಂಟೆ ಮಾಡಿದ ಎಂದು ಬರೆದ ಪತ್ರ ಕೊಡಿ. ವಿದ್ಯಾರ್ಥಿಗೆ ಅಂಕಕ್ಕೆ, ನೌಕರನಿಗೆ ಕಂಪನಿಯ ದಾಖಲೆಗೆ ಅದು ಬೇಕಾಗುತ್ತದೆ.

ಕೇಳುವುದಕ್ಕೂ ಹೊತ್ತುಗೊತ್ತಿದೆ. ಅಕ್ಟೋಬರ್ 2ರಿಂದ 8ರವರೆಗೆ ದೇಶದಾದ್ಯಂತ ದಾನ್ ಉತ್ಸವ್ ನಡೆಯುತ್ತದೆ, 2009ರಿಂದ ಇದೆ. ಆ ವಾರಕ್ಕೆ ನೌಕರರಿಂದ ಏನು ಮಾಡಿಸೋಣ ಎಂದು ಕಂಪನಿಗಳೇ ಹುಡುಕುತ್ತಿರುತ್ತವೆ. ನಿಮ್ಮ ಪತ್ರ ಆಗಸ್ಟಿನಲ್ಲೇ ಅವರ ಮೇಜಿನ ಮೇಲಿದ್ದರೆ, ರಸೀದಿಗಳು ದಸರೆ ರಜೆಯೊಳಗೆ ಶೀಟಿಗೆ ಏರಿ, ಮುಂದಿನ ಮೇ ತಿಂಗಳ ಪಟ್ಟಿಗೆ ಆಗಲೇ ಅರ್ಧ ಕೆಲಸ ಮುಗಿದಿರುತ್ತದೆ.