ಆಟಗಾರನ ಬೆಲೆ ನಿಯಮದ ಹಾಳೆಯಲ್ಲಿದೆ

2023ರಲ್ಲಿ ಫಿಲಡೆಲ್ಫಿಯಾ ಫಿಲೀಸ್ ತಂಡದ ಕೈಲ್ ಶ್ವಾರ್ಬರ್ 47 ಹೋಮ್ ರನ್ ಹೊಡೆದರು. ಅದೇ ವರ್ಷ ಅವರ ಬ್ಯಾಟಿಂಗ್ ಸರಾಸರಿ 0.197. ಬೇಸ್‌ಬಾಲ್‌ನಲ್ಲಿ 0.300 ಅಂದರೆ ಭಲೇ ಅನ್ನುತ್ತಾರೆ, 0.250 ಆದರೆ ನಡೆಯುತ್ತದೆ, 0.200ಕ್ಕಿಂತ ಕೆಳಗಿಳಿದವನಿಗೆ ತಂಡದಲ್ಲಿ ಜಾಗ ಸಿಗುವುದೇ ಕಷ್ಟ. ಇದರ ಜೊತೆಗೆ 215 ಸಲ ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್‌ಗೆ ಔಟಾಗುವುದು, ಬೇರೆ. ಹಾಗಾದರೆ ಇವರನ್ನು ತಂಡಕ್ಕೆ ಆರಿಸಿಕೊಳ್ಳಬೇಕೋ ಬೇಡವೋ? ಫ್ಯಾಂಟಸಿ ಬೇಸ್‌ಬಾಲ್‌ನಲ್ಲಿ ಪಳಗಿದವರನ್ನು ಕೇಳಿ ನೋಡಿ. ಉತ್ತರ ಕೊಡುವ ಮೊದಲು ಅವರೇ ಕೇಳುತ್ತಾರೆ: ಲೀಗ್ ಯಾವ ಬಗೆಯದು?

ಗೊತ್ತಿಲ್ಲದವರಿಗಾಗಿ ಎರಡು ಮಾತು. ಮಾರ್ಚ್ ಕೊನೆಯಲ್ಲಿ ಋತು ಶುರುವಾಗುವ ಮೊದಲು ಹತ್ತು ಹನ್ನೆರಡು ಜನ ಸೇರಿ ನಿಜವಾದ ಆಟಗಾರರನ್ನು ತಮ್ಮ ತಮ್ಮ ಕಾಲ್ಪನಿಕ ತಂಡಗಳಿಗೆ ಹಂಚಿಕೊಳ್ಳುತ್ತಾರೆ. ಆಮೇಲೆ ಆರು ತಿಂಗಳು ಆ ಆಟಗಾರರು ಮೈದಾನದಲ್ಲಿ ಗಳಿಸಿದ ಅಂಕಿಗಳೇ ಇವರ ಅಂಕಿಗಳು. ನಮ್ಮಲ್ಲಿನ ಮೊಬೈಲ್ ಫ್ಯಾಂಟಸಿ ಕ್ರಿಕೆಟ್‌ನಲ್ಲಿ ಕೊಹ್ಲಿಯನ್ನು ಲಕ್ಷಾಂತರ ಜನ ಒಟ್ಟಿಗೇ ಆರಿಸಿಕೊಳ್ಳಬಹುದಿತ್ತು. ಇಲ್ಲಿ ಒಬ್ಬರ ಪಾಲಾದ ಆಟಗಾರ ಉಳಿದವರಿಗೆ ಇಲ್ಲ. ಈ ಒಂದು ಕಟ್ಟಳೆಯಿಂದಲೇ ಆಯ್ಕೆಯ ದಿನಕ್ಕೆ ಅಷ್ಟು ಕಾವು.

ಇದಕ್ಕೆ ಈಗಿನ ರೂಪ ಕೊಟ್ಟವರು ಪತ್ರಕರ್ತ ಡೇನಿಯಲ್ ಓಕ್ರೆಂಟ್. 1980ರಲ್ಲಿ ನ್ಯೂಯಾರ್ಕಿನಲ್ಲಿ ಗೆಳೆಯರನ್ನು ಕಟ್ಟಿಕೊಂಡು ಶುರು ಮಾಡಿದರು. ಅವರೆಲ್ಲ ಸೇರುತ್ತಿದ್ದ ಫ್ರೆಂಚ್ ಹೋಟೆಲಿನ ಹೆಸರಿನಿಂದ ಈ ಪದ್ಧತಿಗೆ ರೋಟಿಸ್ಸರಿ ಎಂದಾಯಿತು. ಆಡುವವರ ಬಾಯಲ್ಲಿ ರೋಟೊ. ಆಟ ಹುಟ್ಟಿಸಿದ ಓಕ್ರೆಂಟ್ ತಮ್ಮ ಲೀಗನ್ನು ಒಮ್ಮೆಯೂ ಗೆಲ್ಲಲಿಲ್ಲ ಎಂಬುದು ಈ ವಲಯದ ಹಳೆಯ ತಮಾಷೆ.

ರೋಟೊ ಲೆಕ್ಕ ಹೀಗೆ. ಬ್ಯಾಟಿಂಗ್‌ಗೆ ಐದು ವಿಭಾಗ: ಸರಾಸರಿ, ಹೋಮ್ ರನ್, ರನ್, ಆರ್‌ಬಿಐ (ತನ್ನ ಬ್ಯಾಟಿಂಗ್‌ನಿಂದ ತಂಡಕ್ಕೆ ಬಂದ ರನ್), ಸ್ಟೋಲನ್ ಬೇಸ್ (ಹೊಡೆತಕ್ಕೆ ಕಾಯದೆ ಓಡಿ ಕದ್ದ ಬೇಸ್). ಪಿಚಿಂಗ್‌ಗೆ ಐದು: ಗೆಲುವು, ಸೇವ್ (ತಂಡದ ಮುನ್ನಡೆಯನ್ನು ಕೊನೆಯಲ್ಲಿ ಕಾಯ್ದದ್ದು), ಸ್ಟ್ರೈಕ್‌ಔಟ್, ಇಆರ್‌ಎ (ಬಿಟ್ಟುಕೊಟ್ಟ ರನ್‌ಗಳ ಸರಾಸರಿ), ವಿಪ್ (ಹಿಟ್ ಮತ್ತು ವಾಕ್ ಬಿಟ್ಟುಕೊಟ್ಟ ಸರಾಸರಿ). ಹನ್ನೆರಡು ತಂಡಗಳಿದ್ದರೆ ಪ್ರತಿ ವಿಭಾಗದಲ್ಲೂ ಮೊದಲಿಗರಿಗೆ 12 ಅಂಕ, ಕೊನೆಯವರಿಗೆ 1. ಈಗ ಎರಡು ತಂಡ ಊಹಿಸಿಕೊಳ್ಳಿ. ಒಂದು ತಂಡ ಯಾವುದರಲ್ಲೂ ಮೊದಲಿಲ್ಲ, ಆದರೆ ಹತ್ತರಲ್ಲೂ ಮೂರನೆಯ ಸ್ಥಾನ: ಒಟ್ಟು 100. ಇನ್ನೊಂದು ಐದರಲ್ಲಿ ಮೊದಲು, ಐದರಲ್ಲಿ ಕಟ್ಟಕಡೆ: ಒಟ್ಟು 65. ರೋಟೊದಲ್ಲಿ ಗೆಲ್ಲುವುದು ಎಲ್ಲ ಕಡೆಯೂ ಸ್ವಲ್ಪ ಸ್ವಲ್ಪ ಮುಂದಿರುವವರು.

ಅದೇ ಹತ್ತು ವಿಭಾಗಗಳನ್ನು ವಾರಕ್ಕೊಬ್ಬ ಎದುರಾಳಿಯ ಹೆಡ್-ಟು-ಹೆಡ್ ಪದ್ಧತಿಗೆ ಹಾಕಿದರೆ ಲೆಕ್ಕ ತಲೆಕೆಳಗು. ಆರರಲ್ಲಿ ಮೊದಲು, ನಾಲ್ಕರಲ್ಲಿ ಕೊನೆ ಇರುವ ತಂಡ ಎಲ್ಲರನ್ನೂ 6-4ರಿಂದ ಸೋಲಿಸಬಲ್ಲದು. ಹಾಗಾಗಿ ಸೇವ್ ಅಥವಾ ಸ್ಟೋಲನ್ ಬೇಸನ್ನು ಬೇಕೆಂದೇ ಕೈಬಿಟ್ಟು, ಉಳಿದದ್ದನ್ನೆಲ್ಲ ಬೇರೆ ಕಡೆ ಸುರಿಯುವ ಜಾಣರು ಇಲ್ಲಿದ್ದಾರೆ. ರೋಟೊದಲ್ಲಿ ಇದನ್ನು ಮಾಡಿದರೆ ಒಂದೇ ಏಟಿಗೆ ಹನ್ನೊಂದು ಅಂಕ ಬಿಟ್ಟುಕೊಟ್ಟಂತೆ.

ಮತ್ತೆ ಶ್ವಾರ್ಬರ್‌ಗೆ ಬರೋಣ. ಸರಾಸರಿ ಎಣಿಸುವ ಲೀಗ್‌ನಲ್ಲಿ 47 ಹೋಮ್ ರನ್ನಿನ ಲಾಭದಲ್ಲಿ ಒಂದಷ್ಟನ್ನು ಅವರ 0.197 ತಿಂದುಹಾಕುತ್ತದೆ. ಆದರೆ ಆ ವರ್ಷ ಅವರು 126 ಸಲ ವಾಕ್‌ನಲ್ಲಿ, ಅಂದರೆ ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆಯಾಗಿ, ಬೇಸ್ ಸೇರಿದ್ದರು. ಸರಾಸರಿಯ ಬದಲು ಬೇಸ್ ತಲುಪಿದ ಪ್ರಮಾಣ ಎಣಿಸುವ ಲೀಗ್‌ನಲ್ಲಿ ಅವರ ಅಂಕಿ 0.343. ಹೊರೆಯಾಗಿದ್ದದ್ದೇ ಅಲ್ಲಿ ಆಸ್ತಿ. ಅದೇ ವರ್ಷದ ಲೂಯಿಸ್ ಅರೇಸ್ ಇದಕ್ಕೆ ನೇರ ವಿರುದ್ಧ: ಸರಾಸರಿ 0.354, ಹೋಮ್ ರನ್ ಬರೀ 10, ಸ್ಟ್ರೈಕ್‌ಔಟ್ ಇಡೀ ವರ್ಷಕ್ಕೆ 34. ರೋಟೊದಲ್ಲಿ ಹೆಚ್ಚುಕಡಿಮೆ ಒಂದೇ ವಿಭಾಗಕ್ಕೆ ಆಸರೆಯಾಗುವ ಈ ಆಟಗಾರ, ವಿಭಾಗಗಳ ಬದಲು ಪ್ರತಿ ಹೊಡೆತಕ್ಕೂ ಅಂಕ ಕೊಟ್ಟು ಪ್ರತಿ ಸ್ಟ್ರೈಕ್‌ಔಟಿಗೂ ಅಂಕ ಕಳೆಯುವ ಪಾಯಿಂಟ್ಸ್ ಲೀಗ್‌ನಲ್ಲಿ ಇದ್ದಕ್ಕಿದ್ದಂತೆ ತೂಕ ಪಡೆಯುತ್ತಾನೆ. ಹೋಲಿಸಿ ಬೆಲೆ ಕಟ್ಟುವ ಈ ಸೂಕ್ಷ್ಮವೇ ನನಗೆ ಈ ಕಸುಬಿನಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು.

ಬೆಲೆ ಕಟ್ಟುವುದರಲ್ಲಿ ಇನ್ನೂ ಒಂದು ಪದರವಿದೆ. ಆಟಗಾರ ಒಟ್ಟು ಎಷ್ಟು ಗಳಿಸುತ್ತಾನೆ ಎಂಬುದಕ್ಕಿಂತ, ಅವನ ಜಾಗದಲ್ಲಿ ಪುಕ್ಕಟೆ ಸಿಗುವವನಿಗಿಂತ ಎಷ್ಟು ಹೆಚ್ಚು ಗಳಿಸುತ್ತಾನೆ ಎಂಬುದು ಮುಖ್ಯ. ನಮ್ಮ ವಿಕೆಟ್‌ಕೀಪರ್‌ನಂತೆ ಬ್ಯಾಟರ್ ಹಿಂದೆ ಕೂರುವ ಕ್ಯಾಚರ್‌ಗಳನ್ನು ನೋಡಿ. ಮೇಜರ್ ಲೀಗ್‌ನಲ್ಲಿರುವುದು 30 ತಂಡ. ಮುಖ್ಯ ಕ್ಯಾಚರ್‌ಗಳೂ ಸುಮಾರು ಅಷ್ಟೇ. ಹನ್ನೆರಡು ಜನ ತಲಾ ಒಬ್ಬ ಕ್ಯಾಚರ್ ಇಟ್ಟುಕೊಂಡರೆ ಒಳ್ಳೆಯವರು ಇನ್ನೂ ಉಳಿದಿರುತ್ತಾರೆ, ಅವಸರವಿಲ್ಲ. ತಲಾ ಇಬ್ಬರು ಬೇಕೆಂಬ ನಿಯಮವಿದ್ದರೆ 24 ಜನ ಹೋದರು. ಇನ್ನು ಅಮೆರಿಕನ್ ಲೀಗ್‌ನ 15 ತಂಡಗಳಿಂದ ಮಾತ್ರ ಆರಿಸಬೇಕೆಂದರೆ, ವಾರಕ್ಕೆರಡು ದಿನ ಆಡುವ ಬದಲಿ ಕ್ಯಾಚರ್‌ಗೂ ದುಡ್ಡು ತೆರಬೇಕು.

ದುಡ್ಡು ಎಂದದ್ದು ಹರಾಜಿನ ಲೀಗ್‌ಗಳ ವಿಷಯದಲ್ಲಿ. ವಾಡಿಕೆಯ ಲೆಕ್ಕ ಒಬ್ಬೊಬ್ಬರಿಗೆ 260 ಡಾಲರ್, ಅದರಲ್ಲಿ 23 ಆಟಗಾರರು. ಐಪಿಎಲ್ ಹರಾಜು ನೋಡಿದವರಿಗೆ ಇಲ್ಲಿನ ಬಿಸಿ ಬೇಗ ಅರ್ಥವಾಗುತ್ತದೆ. ಪ್ರತಿ ಜಾಗಕ್ಕೂ ಕನಿಷ್ಠ ಒಂದು ಡಾಲರ್ ಮೀಸಲಿಡಬೇಕಾದ್ದರಿಂದ, ಐದು ಜಾಗ ಖಾಲಿಯಿದ್ದು ಕೈಯಲ್ಲಿ 30 ಡಾಲರ್ ಇದ್ದವರು ಹೆಚ್ಚೆಂದರೆ 26ರವರೆಗೆ ಕೂಗಬಹುದು. ಪಳಗಿದವರು ತಮ್ಮದಷ್ಟೇ ಅಲ್ಲ, ಮೇಜಿನ ಸುತ್ತ ಕೂತ ಎಲ್ಲರ ಈ ಮಿತಿಯನ್ನೂ ಬರೆದಿಟ್ಟುಕೊಳ್ಳುತ್ತಾರೆ. ತಮಗೆ ಬೇಡದ ದೊಡ್ಡ ಹೆಸರುಗಳನ್ನು ಮೊದಲೇ ಹರಾಜಿಗೆ ಎತ್ತಿ ಬೇರೆಯವರ ಜೇಬು ಖಾಲಿ ಮಾಡಿಸುವುದು ಹಳೆಯ ತಂತ್ರ, ಇಂದಿಗೂ ನಡೆಯುತ್ತದೆ.

ಹರಾಜಿಲ್ಲದ ಲೀಗ್‌ಗಳಲ್ಲಿ ಸರದಿ ಹಾವಿನಂತೆ ಹೋಗಿ ಹಿಂತಿರುಗುತ್ತದೆ: ಹನ್ನೆರಡು ಜನರಿದ್ದರೆ ಮೊದಲು ಆರಿಸಿದವರಿಗೆ ಮುಂದಿನ ಅವಕಾಶ 24ನೆಯದು, ಅದರ ಬೆನ್ನಿಗೇ 25ನೆಯದು. ನಡುವೆ 22 ಜನ ಕೈಜಾರುತ್ತಾರೆ. ಅದಕ್ಕೇ ಅನುಭವಿಗಳು ಆಟಗಾರರನ್ನು ಮೆಟ್ಟಿಲು ಮೆಟ್ಟಿಲಾಗಿ ಗುಂಪು ಮಾಡಿಟ್ಟುಕೊಂಡು, ಮುಂದಿನ ಸರದಿಯ ಹೊತ್ತಿಗೆ ಯಾವ ಮೆಟ್ಟಿಲು ಬರಿದಾಗುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಕೊನೆಯ ಇನಿಂಗ್ಸ್ ಕಾಯುವ ಕ್ಲೋಸರ್‌ಗಳ ವಿಷಯದಲ್ಲಂತೂ ಒಬ್ಬರು ಎತ್ತಿಕೊಂಡ ಕೂಡಲೇ ಎಲ್ಲರಿಗೂ ಗಾಬರಿ, ಸಾಲಾಗಿ ನಾಲ್ಕೈದು ಜನ ಖಾಲಿ. ಕ್ಲೋಸರ್‌ಗಳ ಕೆಲಸ ಋತುವಿನ ನಡುವೆಯೂ ಕೈ ಬದಲಾಗುತ್ತಿರುತ್ತದೆ, ಹೊಸಬರು ಪುಕ್ಕಟೆ ಸಿಗುತ್ತಾರೆ. ಆ ಹೊತ್ತಿನಲ್ಲಿ ಗುಂಪಿನ ಹಿಂದೆ ಓಡದೆ ಒಳ್ಳೆಯ ಬ್ಯಾಟರ್ ಒಬ್ಬನನ್ನು ಎತ್ತಿಕೊಳ್ಳುವವರ ಸಂಯಮ ದೊಡ್ಡದು.

ಮೈದಾನದ ನಿಯಮ ಬದಲಾದರೂ ಬೆಲೆ ಬದಲಾಗುತ್ತದೆ. 2023ರಲ್ಲಿ ಬೇಸ್‌ಗಳ ಅಗಲ 15 ಇಂಚಿನಿಂದ 18ಕ್ಕೆ ಏರಿತು, ಚೆಂಡೆಸೆಯಲು ಗಡಿಯಾರ ಬಂತು, ಓಟಗಾರನನ್ನು ತಡೆಯಲು ಪಿಚರ್‌ಗೆ ಇದ್ದ ಅವಕಾಶಗಳಿಗೆ ಮಿತಿ ಬಿತ್ತು. 2022ರಲ್ಲಿ ಒಟ್ಟು 2,486 ಇದ್ದ ಸ್ಟೋಲನ್ ಬೇಸ್ ಒಂದೇ ವರ್ಷದಲ್ಲಿ 3,503 ಆಯಿತು. ಅಪರೂಪವಾಗಿದ್ದದ್ದು ಅಗ್ಗವಾಯಿತು. ಬರೀ ಓಟಕ್ಕೆಂದು ಒಬ್ಬನ ಮೇಲೆ ದುಡ್ಡು ಸುರಿಯುವ ಅಗತ್ಯ ಕಡಿಮೆಯಾಯಿತು.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಮಾರ್ಚ್‌ನಲ್ಲಿ ಆಫೀಸಿನ ಗೆಳೆಯರಿಂದ ಇಂಥ ಲೀಗ್‌ಗೆ ಕರೆ ಬಂದರೆ, ಬೇಸ್‌ಬಾಲ್ ಗೊತ್ತಿಲ್ಲವೆಂದು ಹಿಂಜರಿಯಬೇಡಿ. ಆಟಗಾರರ ಪಟ್ಟಿ ತೆರೆಯುವ ಮೊದಲು ನಿಯಮದ ಹಾಳೆ ತರಿಸಿಕೊಳ್ಳಿ. ಅಂಕ ಹೇಗೆ, ಕ್ಯಾಚರ್ ಎಷ್ಟು, ಸರದಿಯೋ ಹರಾಜೋ ಎಂಬ ಮೂರು ಸಂಗತಿ ಓದಿಕೊಂಡು ಕೂತರೆ, ಅದನ್ನು ಓದದೇ ಬಂದ ಹಳಬರಿಗಿಂತ ನೀವು ಮುಂದಿರುತ್ತೀರಿ.