ನಿರ್ವಾಸಿತರ ಸಂಸ್ಕೃತಿಯೂ ಕನ್ನಡ ಪತ್ರಿಕೆಗಳ ಕರ್ತವ್ಯವೂ

ಕದ್ರಿಯ ಶ್ರೀ ಮಂಜುನಾಥನ ದರ್ಶನಕ್ಕೆ ಹೋಗುವ ನಮ್ಮ ವಾಚಕರಲ್ಲಿ ಅನೇಕರು ಅಲ್ಲಿಯ ಲೋಕೇಶ್ವರನ ಕಂಚಿನ ವಿಗ್ರಹವನ್ನು ಕಂಡಿರಬಹುದು. ಮೂರು ಮುಖಗಳೂ ಆರು ಕೈಗಳೂ ಉಳ್ಳ ಆ ಮೂರ್ತಿಯನ್ನು ಆಳುಪ ಅರಸನಾದ ಕುಂದವರ್ಮನು ಕ್ರಿ.ಶ. 968ರಲ್ಲಿ ಕದರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದನೆಂದು ಪೀಠದ ಶಾಸನವೇ ಸಾರುತ್ತದೆ. ಇದರಲ್ಲಿ ಬೌದ್ಧಧರ್ಮದ ಜಾಡನ್ನು ಕಂಡ ವಿದ್ವಾಂಸರಿದ್ದಾರೆ. ನಾಥಪಂಥದ ಜಾಡನ್ನು ಹಿಡಿದವರೂ ಇದ್ದಾರೆ. ಆ ವಾದವು ಹೇಗೇ ಇರಲಿ, ಅವಲೋಕಿತೇಶ್ವರನೆಂಬ ಕರುಣಾಮೂರ್ತಿಯನ್ನು ತಮ್ಮ ನಾಡಿನ ರಕ್ಷಕನೆಂದೂ ದಲೈಲಾಮಾರವರನ್ನು ಆತನ ಅವತಾರವೆಂದೂ ನಂಬಿದ ಜನಾಂಗವೊಂದು ನಮ್ಮಿಂದ ಅರ್ಧ ದಿನದ ದಾರಿಯಲ್ಲಿ ಅರುವತ್ತು ವರ್ಷಗಳಿಗೂ ಮಿಕ್ಕಿ ವಾಸಿಸುತ್ತಿದೆ. ಸುಳ್ಯ, ಸಂಪಾಜೆ, ಮಡಿಕೇರಿಗಳನ್ನು ಹಾದು ಕುಶಾಲನಗರದ ಬಳಿ ಕಾವೇರಿಯನ್ನು ದಾಟಿದರೆ ಬೈಲುಕುಪ್ಪೆ. ಈ ನೆರೆಯವರ ವಿಷಯದಲ್ಲಿ ನಾವು ತಿಳಿದುದೆಷ್ಟು, ನಮ್ಮ ಪತ್ರಿಕೆಗಳು ತಿಳಿಸಿದುದೆಷ್ಟು ಎಂಬುದೇ ಇಂದು ನಾವು ಎತ್ತಿಕೊಂಡ ಪ್ರಶ್ನೆ.

ಹಿಂದಿನ ಸಂಗತಿಯನ್ನು ಸಂಕ್ಷೇಪವಾಗಿ ಸ್ಮರಿಸುವುದು ಯುಕ್ತ. 1950ರಲ್ಲಿ ಚೀನದ ಸೇನೆಯು ಟಿಬೆಟ್ಟನ್ನು ಹೊಕ್ಕಿತು. 1959ನೆಯ ಮಾರ್ಚ್ 10ರಂದು ಲ್ಹಾಸಾ ನಗರದ ಜನರು ಸಿಡಿದೆದ್ದರು. ಆ ತಿಂಗಳು ಮುಗಿಯುವಷ್ಟರಲ್ಲಿ ದಲೈಲಾಮಾರವರು ಭಾರತದ ಮಣ್ಣನ್ನು ಮೆಟ್ಟಿದ್ದರು. ಅವರ ಹಿಂದೆ ಬಂದ ಭಿಕ್ಷುಗಳನೇಕರಿಗೆ ಮೊದಲು ದೊರೆತ ಆಶ್ರಯವು ಬಂಗಾಳದ ಬಕ್ಸಾ ಕೋಟೆ. ಆಂಗ್ಲ ಸರಕಾರವು ನಮ್ಮ ಸ್ವಾತಂತ್ರ್ಯಯೋಧರನ್ನು ಕೂಡಿಹಾಕಿದ್ದ ಸೆರೆಮನೆ ಅದು. ಅಲ್ಲಿ ಕ್ಷಯರೋಗಕ್ಕೆ ತುತ್ತಾಗುತ್ತಲೂ ಅವರು ಪಾಠಪ್ರವಚನಗಳನ್ನು ನಿಲ್ಲಿಸಲಿಲ್ಲ. ಅಂದಿನ ಮೈಸೂರು ರಾಜ್ಯವು ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಭೂಮಿಯನ್ನು ಕೊಟ್ಟಿತು; ಈ ಔದಾರ್ಯಕ್ಕಾಗಿ ಶ್ರೀ ಎಸ್. ನಿಜಲಿಂಗಪ್ಪನವರ ಹೆಸರನ್ನು ದಲೈಲಾಮಾರವರು ಪದೇಪದೇ ಕೃತಜ್ಞತೆಯಿಂದ ಸ್ಮರಿಸಿದ್ದಾರೆ. 1966ರಲ್ಲಿ ಮುಂಡಗೋಡದಲ್ಲಿಯೂ ಮುಂದೆ ಹುಣಸೂರು, ಕೊಳ್ಳೇಗಾಲಗಳ ಕಡೆಯಲ್ಲಿಯೂ ನೆಲೆಗಳಾದುವು. ಲ್ಹಾಸಾದ ಮೂರು ಮಹಾವಿಹಾರಗಳಲ್ಲಿ ಸೆರಾ ಬೈಲುಕುಪ್ಪೆಯಲ್ಲಿಯೂ ಡ್ರೆಪುಂಗ್, ಗಾಂಡೆನ್‌ಗಳು ಮುಂಡಗೋಡದಲ್ಲಿಯೂ ಮತ್ತೆ ತಲೆಯೆತ್ತಿದುವು. ನಾಲಂದದ ತರ್ಕವನ್ನು ಕಂಠಪಾಠವಾಗಿ ಹೊತ್ತು ತಂದವರು ಕನ್ನಡನಾಡಿನ ಜೋಳದ ಹೊಲಗಳ ಪಕ್ಕದಲ್ಲಿ ಅದನ್ನು ಪುನಃ ನೆಟ್ಟರು. ಇದು ಕರ್ನಾಟಕದ ಚರಿತ್ರೆಯದೇ ಒಂದು ಅಧ್ಯಾಯವಲ್ಲವೇ?

ನಾಡನ್ನು ಕಳೆದುಕೊಂಡವರು ನುಡಿಯನ್ನು ಉಳಿಸಿಕೊಳ್ಳಬೇಕಾದರೆ ಅವರಿಗೆ ಪತ್ರಿಕೆ ಬೇಕು. ಈ ಮಾತು ಮಂಗಳೂರಿಗೆ ಹೊಸತಲ್ಲ. ಕನ್ನಡದ ಮೊದಲ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗರು 1843ನೆಯ ಜುಲೈ 1ರಂದು ಕಲ್ಲಚ್ಚಿನಲ್ಲಿ ಇಲ್ಲಿಂದಲೇ ಹೊರಡಿಸಿದರು. ಟಿಬೆಟಿಯನ್ನರ ಕಥೆಯೂ ಬಹುಮಟ್ಟಿಗೆ ಇದೇ ಬಗೆಯದು. ಕಿನ್ನೌರಿನ ಗಡಿಹಳ್ಳಿಯಲ್ಲಿ ಹುಟ್ಟಿ, ಮೊರೇವಿಯನ್ ಮಿಶನಿನಲ್ಲಿ ಓದಿದ ಗೆರ್ಗನ್ ದೋರ್ಜೆ ಥಾರ್ಚಿನ್ ಎಂಬವರು 1925ರ ಅಕ್ಟೋಬರಿನಲ್ಲಿ ಕಾಲಿಂಪೊಂಗಿನಿಂದ 'ಮೆಲೊಂಗ್', ಅರ್ಥಾತ್ 'ಕನ್ನಡಿ' ಎಂಬ ಪತ್ರಿಕೆಯನ್ನು ಆರಂಭಿಸಿದರು. ಮೊದಲ ಸಂಚಿಕೆಗೆ ಪ್ರತಿಗಳು ಐವತ್ತು ಮಾತ್ರ. ಆದರೆ ಹದಿಮೂರನೆಯ ದಲೈಲಾಮಾರವರೇ ಅದರ ವಾಚಕರಾಗಿದ್ದರು. ಹಣದ ಅಡಚಣೆಯಲ್ಲಿ ನಡೆದ ಆ ಪತ್ರಿಕೆಯು ತನ್ನ ಜನರಿಗೆ ಹೊರಜಗತ್ತನ್ನು ತೋರಿಸಿ, ಕೊನೆಗೆ ಅವರ ನಾಡು ಕೈತಪ್ಪಿದ ವಾರ್ತೆಯನ್ನೂ ತಾನೇ ಅಚ್ಚುಮಾಡಿ, 1963ರಲ್ಲಿ ನಿಂತಿತು. ಅಷ್ಟರಲ್ಲಿ, 1960ರಲ್ಲಿ, ಡಾರ್ಜಿಲಿಂಗಿನಿಂದ ನಿರ್ವಾಸಿತರದೇ ಪತ್ರಿಕೆಯೊಂದು ಹೊರಟಿತ್ತು. ಬಟ್ಟೆಗೆ ಮೊದಲು ಅಚ್ಚುಮೊಳೆಯನ್ನು ಹೊಂದಿಸಿಕೊಂಡ ಜನವಿದು.

ಇನ್ನು ನಮ್ಮ ಮಾತು. ಕನ್ನಡ ಪತ್ರಿಕೆಗಳಲ್ಲಿ ಬೈಲುಕುಪ್ಪೆ ಕಾಣಿಸಿಕೊಳ್ಳುವುದು ಯಾವಾಗ? ರಜೆಯ ದಿನಗಳಲ್ಲಿ, ಜನರು 'ಗೋಲ್ಡನ್ ಟೆಂಪಲ್' ಎಂದು ಕರೆಯುವ ನಾಮ್‌ಡ್ರೋಲಿಂಗ್ ವಿಹಾರದ ಬಣ್ಣದ ಚಿತ್ರವಾಗಿ. ಇಲ್ಲವೇ ದಲೈಲಾಮಾರವರು ಬಂದಾಗ ಬಂದೋಬಸ್ತಿನ ವರದಿಯಾಗಿ. 2025ರ ಜನವರಿಯಲ್ಲಿ ಅವರು ಬೈಲುಕುಪ್ಪೆಯಲ್ಲಿ ತಂಗಿದಾಗಲೂ ಬಹುಪಾಲು ಹೀಗೆಯೇ ನಡೆಯಿತು. ಅನ್ಯರನ್ನು ದೂರುವ ಮೊದಲು ಒಪ್ಪಿಕೊಳ್ಳಬೇಕು: ನಾವೂ ಅದೇ ಚಿತ್ರವನ್ನು ಅಚ್ಚುಹಾಕಿದವರೇ. ಆ ವಿಹಾರದಲ್ಲಿ ಏನನ್ನು ಓದುತ್ತಾರೆ, ಸೆರಾದ ಅಂಗಳದಲ್ಲಿ ಭಿಕ್ಷುಗಳು ಚಪ್ಪಾಳೆ ತಟ್ಟುತ್ತ ಮಾಡುವ ವಾದವೇನು ಎಂದು ವಾಚಕರಿಗೆ ನಾವು ಹೇಳಿದ್ದಿಲ್ಲ.

ಈ ಉದಾಸೀನತೆಗೆ ಬೆಲೆ ತೆರುವವರು ಯಾರೆಂಬುದನ್ನು ನೋಡಬೇಕು. ಚೀನದ ಸರಕಾರವು 2023ರಿಂದ ತನ್ನ ಆಂಗ್ಲ ಪ್ರಕಟಣೆಗಳಲ್ಲಿ 'ಟಿಬೆಟ್' ಎಂಬ ಹೆಸರನ್ನೇ ಬದಿಗಿಟ್ಟು 'ಶಿಝಾಂಗ್' ಎಂದು ಬರೆಯಹತ್ತಿದೆ. ಹತ್ತು ಲಕ್ಷದಷ್ಟು ಟಿಬೆಟಿಯನ್ ಮಕ್ಕಳನ್ನು ಮನೆಯಿಂದ ಬೇರ್ಪಡಿಸಿ ಚೀನೀ ಭಾಷೆಯ ವಸತಿಶಾಲೆಗಳಲ್ಲಿ ಇರಿಸಲಾಗಿದೆಯೆಂದು ವಿಶ್ವಸಂಸ್ಥೆಯ ತಜ್ಞರು 2023ರ ಫೆಬ್ರವರಿಯಲ್ಲಿ ಕಳವಳಪಟ್ಟರು. 1991ರಿಂದ ಟಿಬೆಟಿಯನ್ ನುಡಿಯಲ್ಲಿ ವಾರ್ತೆ ಬಿತ್ತರಿಸುತ್ತಿದ್ದ 'ವಾಯ್ಸ್ ಆಫ್ ಅಮೇರಿಕ'ವು 2025ರ ಮಾರ್ಚಿಯಲ್ಲಿ ಅಲ್ಲಿಯ ಅಧ್ಯಕ್ಷರ ಆಜ್ಞೆಯೊಂದರಿಂದ ಮೌನವಾಗಬೇಕಾಯಿತು. ಪರರ ಚೀಲಕ್ಕೆ ಜೋತುಬಿದ್ದ ದನಿಯ ಗತಿ ಇಷ್ಟೇ. ಇತ್ತ ನಮ್ಮ ನಾಡಿನ ಕ್ಯಾಂಪುಗಳಿಂದಲೂ ತರುಣರು ಉದ್ಯೋಗವನ್ನರಸಿ ಯೂರೋಪು, ಅಮೇರಿಕಗಳಿಗೆ ಹೊರಟುಹೋಗುತ್ತಿದ್ದಾರೆ. 2025ನೆಯ ಜುಲೈ 6ಕ್ಕೆ ದಲೈಲಾಮಾರವರಿಗೆ ತೊಂಬತ್ತು ತುಂಬಿತು. ತಮ್ಮ ಬಳಿಕವೂ ಪೀಠವು ಮುಂದುವರಿಯುವುದೆಂದು ಅವರು ಸಾರಿದ್ದಾರೆ. ಉತ್ತರಾಧಿಕಾರಿಗೆ ತನ್ನ ಒಪ್ಪಿಗೆ ಬೇಕೆಂದು ಚೀನವು ಹಟ ಹಿಡಿದಿದೆ. ಆ ದಿನ ಬಂದಾಗ ಸತ್ಯಾಸತ್ಯವನ್ನು ತೂಗಿ ನೋಡುವ ಶಕ್ತಿ ಕನ್ನಡ ವಾಚಕರಿಗೆ ಇರಬೇಕಾದರೆ ಇಂದೇ ಅವರಿಗೆ ವಿಷಯವನ್ನು ತಿಳಿಸಬೇಡವೇ?

ಬರಹದಷ್ಟೇ ಬಲವುಳ್ಳದ್ದು ಕಣ್ಣೆದುರಿನ ಪ್ರದರ್ಶನ. ಟಿಬೆಟಿಯನ್ನರ 'ಲ್ಹಾಮೊ' ಎಂಬ ಗೀತನಾಟಕವು ನಮ್ಮ ಬಯಲಾಟಕ್ಕೆ ದೂರದ ದಾಯಾದಿಯಂತಿದೆ. ತೆರೆದ ಬಯಲು, ಹಿಮ್ಮೇಳಕ್ಕೆ ಒಂದು ಭೇರಿ, ಒಂದು ಜೊತೆ ತಾಳ, ಮುಖವಾಡಗಳು, ನಡುನಡುವೆ ಕಥೆಯನ್ನು ಓಘದಿಂದ ಒಪ್ಪಿಸುವ ನಿರೂಪಕ. ನಮ್ಮದು ರಾತ್ರಿಯಿಡೀ, ಅವರದು ಹಗಲಿಡೀ. ಕಬ್ಬಿಣದ ಸೇತುವೆಗಳನ್ನು ಕಟ್ಟಿಸಲು ಹಣ ಕೂಡಿಸುವುದಕ್ಕಾಗಿ ಥಾಂಗ್‌ತೊಂಗ್ ಗ್ಯಾಲ್ಪೊ ಎಂಬ ಸಿದ್ಧನು ಇದನ್ನು ಆರಂಭಿಸಿದನೆಂದು ಐತಿಹ್ಯ. ದೇಶ ಬಿಟ್ಟು ಬಂದ ವರ್ಷದಲ್ಲೇ, 1959ರಲ್ಲಿ, ನಿರ್ವಾಸಿತರು ಕಾಲಿಂಪೊಂಗಿನಲ್ಲಿ ಈ ಕಲೆಗಾಗಿ ಸಂಸ್ಥೆ ಕಟ್ಟಿದರು. ಅದು ಈಗ ಧರ್ಮಶಾಲೆಯಲ್ಲಿದೆ. 2009ರಲ್ಲಿ ಇದೇ ಕಲೆಯನ್ನು ಯುನೆಸ್ಕೋದ ಪಟ್ಟಿಗೆ ಸೇರಿಸಿದ ದೇಶ ಯಾವುದು? ಚೀನ! ಆಟ ಒಂದೇ; ಅರ್ಥ ಹೇಳುವವನು ಮಾತ್ರ ಬೇರೆ. ಅರ್ಥಗಾರಿಕೆಯ ಬೆಲೆಯನ್ನು ಬಲ್ಲ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ನಮ್ಮ ಸೂಚನೆಗಳು ಮೂರು. ಒಂದು: ಪ್ರತಿಯೊಂದು ಕನ್ನಡ ದಿನಪತ್ರಿಕೆಯೂ ವರ್ಷಕ್ಕೆ ಕೆಲವು ಸಲವಾದರೂ ಈ ನೆಲೆಗಳಿಗೆ ತನ್ನ ಬರಹಗಾರರನ್ನು ಕಳುಹಿಸಿ, ಅಲ್ಲಿಯವರ ಬಾಯಿಯಿಂದಲೇ ಕೇಳಿ ಬರೆಸಲಿ; 'ಟಿಬೆಟ್' ಎಂಬ ಹೆಸರನ್ನು ಬಿಟ್ಟುಕೊಡದಿರಲಿ. ಎರಡು: ಮಂಗಳೂರಿನ ಪುರಭವನದಲ್ಲಿ ಯಕ್ಷಗಾನವೂ ಲ್ಹಾಮೊವೂ ಒಂದೇ ವೇದಿಕೆಯಲ್ಲಿ ನಡೆಯಲಿ, ಕಥೆಯ ಸಾರವನ್ನು ಕನ್ನಡದಲ್ಲಿ ಅಚ್ಚುಮಾಡಿ ಹಂಚಲಿ. ಅರ್ಥವರಿಯದ ಕುಣಿತಕ್ಕೆ ಚಪ್ಪಾಳೆ ತಟ್ಟಿ ಮನೆಗೆ ಮರಳುವುದು ಸಂಸ್ಕೃತಿಪ್ರಚಾರವಲ್ಲ. ಮೂರು: ಇಲ್ಲಿಯೇ ಹುಟ್ಟಿ ಬೆಳೆದು ಕನ್ನಡವನ್ನು ಬಲ್ಲ ಟಿಬೆಟಿಯನ್ ತರುಣರು ನಮ್ಮ ಪತ್ರಿಕೆಗಳಿಗೆ ಕನ್ನಡದಲ್ಲಿಯೇ ಬರೆಯಲಿ, ಅವರ ಲೇಖನಗಳಿಗೆ ನಮ್ಮ ಪುಟವು ಸದಾ ತೆರೆದಿದೆ.

ತುಳು, ಕನ್ನಡಗಳ ಸಂಕಟವೇ ಬೇಕಾದಷ್ಟಿರುವಾಗ ಪರರ ಚಿಂತೆ ನಮಗೇಕೆಂದು ಕೆಲವರು ಕೇಳಬಹುದು. ತನ್ನ ನುಡಿಗಾಗಿ ಅಂಜಿದವನೇ ಇನ್ನೊಬ್ಬನ ಅಂಜಿಕೆಯನ್ನು ಬಲ್ಲನು. ನೆಲ, ವ್ಯಾಪಾರಗಳ ವಿಷಯವಾಗಿ ಸುತ್ತಿನ ಹಳ್ಳಿಗರಿಗೆ ದೂರುಗಳಿದ್ದರೆ ಅವೂ ಬೆಳಕಿಗೆ ಬರಲಿ. ಹೊಗಳುಭಟರ ಕೆಲಸವನ್ನು ಯಾರೂ ಪತ್ರಿಕೆಗಳಿಂದ ಬಯಸುವುದಿಲ್ಲ. ನಾವು ಯುದ್ಧವನ್ನು ಕೇಳುತ್ತಿಲ್ಲ, ಅರಿವನ್ನು ಕೇಳುತ್ತಿದ್ದೇವೆ.

ದಾಸ್ಯದ ದಿನಗಳಲ್ಲಿ 'ಸ್ವದೇಶಾಭಿಮಾನಿ', 'ರಾಷ್ಟ್ರಬಂಧು'ಗಳಂಥ ಪತ್ರಿಕೆಗಳನ್ನು ಪೋಷಿಸಿದ ಊರಿದು. ದೇಶವೆಂದರೇನೆಂಬುದನ್ನು ನಮ್ಮ ಹಿರಿಯರು ಅಚ್ಚಿನ ಹಾಳೆಯಿಂದ ಕಲಿತರು. ಸ್ವದೇಶವನ್ನು ಪಡೆದ ನಾವು, ಅದನ್ನು ಕಳೆದುಕೊಂಡ ನೆರೆಯವರಿಗೆ ನಮ್ಮ ಹಾಳೆಯಲ್ಲಿ ಎರಡು ಕಾಲಮುಗಳ ಎಡೆಯನ್ನೂ ಕೊಡಲಾರೆವೇ? ಭೂಮಿ ಕೊಟ್ಟ ಕನ್ನಡನಾಡು ಇನ್ನು ಕಿವಿಯನ್ನೂ ಕೊಡಲಿ.